ಲಗ್ನಪತ್ರಿಕೆಯ ಬೆನ್ನಿಗೆ ಬರೆದ ನಾಲ್ಕು ಲಕ್ಷ

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವ ಗೃಹಸ್ಥ ಮೊದಲು ಅದರ ಬಾಯಿ ತೆಗೆಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಾನೆ. ಅದೇ ಗೃಹಸ್ಥ ಮನೆ ರಿಪೇರಿಗೆ ಅಂತ ನಾಲ್ಕು ಲಕ್ಷ ತೆಗೆದಿಟ್ಟು ಗುತ್ತೇದಾರನನ್ನು ಹುಡುಕಲು ಹೊರಟನೆಂದರೆ ಕೇಳುವ ಪ್ರಶ್ನೆ ಒಂದೇ: "ಯಾವ ಊರಾವ್ರಿ ನೀವು?" ಆ ಊರಿನಲ್ಲಿ ಅತ್ತಿಗೆಯ ಸೋದರಮಾವನೋ ಷಡ್ಡಕನ ಗೆಳೆಯನೋ ಇದ್ದರೆ ಸಂದರ್ಶನ ಮುಗಿಯಿತು. ಚಹಾ ಬರುತ್ತದೆ.

ಹತ್ತಾರು ಲಕ್ಷದ ಗಟಾರ ಕಟ್ಟಿಸಲು ಸರಕಾರಕ್ಕೆ 1999ರ ಪಾರದರ್ಶಕತೆ ಕಾಯ್ದೆ ಬೇಕು, ಟೆಂಡರು ಬೇಕು, ಮುಂಗಡ ಠೇವಣಿ ಬೇಕು, ಐಟಂವಾರು ಅಳತೆ ಬರೆಯಲು ಎಂಬಿ ಪುಸ್ತಕ ಬೇಕು. (ಇಷ್ಟಾದ ಮೇಲೂ ಗಟಾರ ಎಲ್ಲಿ ಹರಿಯುತ್ತದೆ ಅಂತ ಯಾರೂ ಕೇಳಬಾರದು.) ಆದರೆ ಹಗಲೆಲ್ಲ ಕಚೇರಿಯಲ್ಲಿ ಕೂತು ಎಂಬಿ ಬರೆದ ಎಂಜಿನಿಯರ್ ಸಾಹೇಬರು ಸಂಜೆ ಸ್ವಂತ ಮನೆಯ ಎರಡು ಬಾತ್‌ರೂಮನ್ನು ಬರೀ ಬಾಯಿಮಾತಿನ ಮೇಲೆ ಒಡೆಯಲು ಕೊಡುತ್ತಾರೆ. ಕಾಗದ ಕೇಳಿದರೆ ಗುತ್ತೇದಾರ ಬೇಜಾರಾಗುತ್ತಾನಂತೆ. "ನಂಬಿಕಿ ಇಲ್ಲೇನ್ರಿ ಸರ್ರ?" ಅಂತ ಅವನು ಒಂದು ಸಲ ಕೇಳಿದರೆ ಸಾಕು, ನಮ್ಮವರ ನಾಲಿಗೆ ಅಂಗುಳಕ್ಕೆ ಅಂಟುತ್ತದೆ.

ಎಸ್ಟಿಮೇಟು ಇರುವುದೇ ಇಲ್ಲ ಅಂತಲ್ಲ. ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಅದು ಹುಟ್ಟುತ್ತದೆ. ಒಂದು ಮೈಗೆ ಗಣಪತಿ, ಸುಮುಹೂರ್ತ, ಆಗಮನಾಭಿಲಾಷಿಗಳು. ಇನ್ನೊಂದು ಮೈಗೆ ಬಡಿಗ್ಯಾನ ಚಪ್ಪಟೆ ಪೆನ್ಸಿಲ್ಲಿನಲ್ಲಿ: "ಬಾತ್ರೂಮ 2. ಅಡಗಿ ಕಟ್ಟಿ. ಹಾಲ ಟೈಲ್ಸ್. ನಡು ಗ್ವಾಡಿ ತಗಿಯೂದು. ಎಲ್ಲಾ ಕೂಡಿ 4 ಲಕ್ಷ." ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ "ಅ. 1.5". ಅಡ್ವಾನ್ಸು ಒಂದೂವರೆ ಲಕ್ಷ. ಇಡೀ ದಸ್ತಾವೇಜಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಅಂಕಿ ಅದೊಂದೇ.

"ಎಲ್ಲಾ ಕೂಡಿ" ಅಂದದ್ದರಲ್ಲಿ ಏನೇನು ಕೂಡಿಲ್ಲ ಅನ್ನುವುದು ಕೆಲಸ ಶುರುವಾದ ಮೇಲೆ ಕಂತುಕಂತಾಗಿ ತಿಳಿಯುತ್ತದೆ. ಒಡೆದ ಟೈಲ್ಸು, ಕಲ್ಲು, ಮಣ್ಣು ಹೊರಗೆ ಸಾಗಿಸುವುದು ಬ್ಯಾರೆ. ನಳ, ಕಮೋಡು, ಶವರು ಬ್ಯಾರೆ. ವಾಟರ್‌ಪ್ರೂಫಿಂಗ್ ಕೆಮಿಕಲ್ಲು ಬ್ಯಾರೆ. ಟೈಲ್ಸ್ ಇದೆ, ಆದರೆ ಆ ರೇಟಿನ ಟೈಲ್ಸು ಅಂಗಡಿಯ ಮೂಲೆಯಲ್ಲಿ ಒಂದೇ ಒಂದು ನಮೂನೆ ಇದ್ದು, ಅದನ್ನು ನೋಡಿ ಮನೆಯ ಅಕ್ಕಾರು ಅಳುವುದು ಬಾಕಿ. ಅಲ್ಲಿಗೆ ಚದರಡಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಹೆಚ್ಚಿಗೆ, ಅದೂ ಬ್ಯಾರೆ.

ಅಳತೆ ಹಿಡಿಯುವುದು ಕಷ್ಟವೂ ಅಲ್ಲ. 5 ಅಡಿಗೆ 7 ಅಡಿಯ ಬಾತ್‌ರೂಮು ಅಂದರೆ ನೆಲ 35 ಚದರಡಿ. ನಾಲ್ಕೂ ಗೋಡೆಯ ಸುತ್ತಳತೆ 24 ಅಡಿ, 7 ಅಡಿ ಎತ್ತರದವರೆಗೆ ಟೈಲ್ಸ್ ಹತ್ತಿಸಿದರೆ 168. ಎರಡೂವರೆ ಅಡಿ ಅಗಲದ ಬಾಗಿಲು ಕಳೆದರೆ ಸುಮಾರು 150. ಎರಡೂ ಸೇರಿ 185, ತುಂಡು ಒಡಕು ಅಂತ ನೂರಕ್ಕೆ ಹತ್ತು ಹೆಚ್ಚು ಹಿಡಿದರೆ 204 ಚದರಡಿ. ಗುತ್ತೇದಾರ ಬಾಗಿಲಲ್ಲೇ ನಿಂತು ಒಳಗೊಮ್ಮೆ ಇಣುಕಿ "ಮುನ್ನೂರ ಚದರಡಿ ಬೇಕಾಗ್ತೈತ್ರಿ" ಅನ್ನುತ್ತಾನೆ. ಹೆಚ್ಚಾದ ಆ 96 ಚದರಡಿಯ ಡಬ್ಬಿಗಳು ಎಲ್ಲಿ ಹೋಗುತ್ತವೆ ಅಂತ ಕೇಳುವುದು ನಮ್ಮಲ್ಲಿ ಸಭ್ಯತನವಲ್ಲ. ಕೇಳಬೇಕು. ಒಂದು ಡಬ್ಬಿ ಮನೆಯಲ್ಲಿ ಎತ್ತಿಡಲೂಬೇಕು, ಡಬ್ಬಿಯ ಮೇಲಿನ ಬ್ಯಾಚ್ ನಂಬರು, ಶೇಡ್ ನಂಬರು ಸಮೇತ. ಎರಡು ವರ್ಷ ಬಿಟ್ಟು ಒಂದು ಟೈಲ್ಸ್ ಒಡೆದರೆ ಅದೇ ಬಿಳಿ ಬಣ್ಣ ಇಡೀ ಪೇಟೆಯಲ್ಲಿ ಸಿಗುವುದಿಲ್ಲ.

ಇನ್ನು ಆ ಬಾತ್‌ರೂಮಿನ ಒಳಗೇ ಸ್ವಲ್ಪ ನಿಲ್ಲೋಣ, ಯಾಕಂದರೆ ನಾಲ್ಕು ಲಕ್ಷದ ನಾಟಕದ ಮುಖ್ಯ ಅಂಕ ಇಲ್ಲೇ ನಡೆಯುವುದು. ಹಳೆಯ ನೆಲ ಒಡೆದು, ಕಸ ಬಳಿದು, ತೊಳೆದು, ಗೋಡೆ ನೆಲ ಕೂಡುವ ಮೂಲೆಯನ್ನು ಸಿಮೆಂಟಿನಿಂದ ದುಂಡಗೆ ಮಾಡಿ, ವಾಟರ್‌ಪ್ರೂಫಿಂಗ್ ಎರಡು ಕೋಟು ಹೊಡೆಯಬೇಕು. ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ, ಗೋಡೆಯ ಮೇಲೂ ಕನಿಷ್ಠ ಒಂದಡಿ. ಅದು ಪೂರ್ತಿ ಗಟ್ಟಿಯಾದ ಮೇಲೆ ನೀರು ಹರಿದುಹೋಗುವ ನಹಾನಿ ಟ್ರ್ಯಾಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 48 ತಾಸು ಬಿಡಬೇಕು. ಗೆರೆಗಿಂತ ನೀರು ಗಣನೀಯವಾಗಿ ಇಳಿದರೆ, ಕೆಳಮನೆಯ ಮಾಳಿಗೆಯಲ್ಲಿ ಒದ್ದೆ ಕಂಡರೆ, ಟೈಲ್ಸ್ ಹಚ್ಚಕೂಡದು. ನಮ್ಮ ಗುತ್ತೇದಾರನ ವಿಧಾನ ಇನ್ನೂ ಆಧುನಿಕ. ಎರಡು ಬಕೀಟು ನೀರು ಚೆಲ್ಲಿ, ಫೋಟೋ ಹೊಡೆದು, ವಾಟ್ಸಾಪಿಗೆ ಹಾಕಿ, ಕೆಳಗೆ ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ.

ಗೋಡೆಯೊಳಗಿನ ಪೈಪಿನದೂ ಇದೇ ಕತೆ. ಬಿಸಿನೀರಿನ ಸಿಪಿವಿಸಿ ಪೈಪಿಗೆ ಅದರದೇ ಅಂಟು ಬೇಕು. ತಣ್ಣೀರಿನ ಯುಪಿವಿಸಿ ಪೈಪಿಗೆ ತಂದ ಅಂಟಿನ ಡಬ್ಬಿಯಲ್ಲೇ ಎರಡೂ ಜೋಡಣೆ ಮುಗಿಸುವ ಮಹಾನುಭಾವರಿದ್ದಾರೆ. ಅದು ಜಗ್ಗಿ ಬಿಡುವುದು ಗೀಸರ್ ಹಚ್ಚಿದ ಮೊದಲ ಚಳಿಗಾಲದಲ್ಲಿ, ಟೈಲ್ಸಿನ ಹಿಂದೆ. ಗಿಲಾವು ಮುಚ್ಚುವ ಮೊದಲು ಪಂಪು ಹಚ್ಚಿ ಒತ್ತಡ ಕೊಟ್ಟು ನೋಡಬೇಕು, ಪೈಪಿನ ಪಕ್ಕ ಟೇಪು ಹಿಡಿದು ಫೋಟೋ ತೆಗೆದಿಡಬೇಕು. ಇಲ್ಲವಾದರೆ ಮುಂದೆ ಟವೆಲ್ ಹಾಕುವ ಮೊಳೆ ಹೊಡೆಯಲು ಹೋದವನು ಕಾರಂಜಿ ಉದ್ಘಾಟನೆ ಮಾಡುತ್ತಾನೆ.

ಇಳಿಜಾರು 80ಕ್ಕೆ 1 ಸಾಕು. ಅಂದರೆ 7 ಅಡಿಯ ನೆಲಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು ಒಂದು ಇಂಚು. ಒಂದೇ ಇಂಚು ಅಂತ ಗೌಂಡಿ ಅದನ್ನು ಕಣ್ಣಳತೆಗೆ ಬಿಡುತ್ತಾನೆ, ನೀರು ಟ್ರ್ಯಾಪಿಗೆ ಬೆನ್ನು ಹಾಕಿ ನಡುಮನೆಗೆ ನಡೆಯುತ್ತದೆ. ಟೈಲ್ಸ್ ಹಚ್ಚುವ ರೀತಿಯೂ ನೋಡುವಂಥದ್ದು. ವಿಟ್ರಿಫೈಡ್ ಟೈಲ್ಸು ತನ್ನ ತೂಕದ ನೂರಕ್ಕೆ ಅರ್ಧ ಪಾಲು ನೀರನ್ನೂ ಹೀರುವುದಿಲ್ಲ, ಆದ್ದರಿಂದ ಬರೀ ಸಿಮೆಂಟಿನ ರಾಡಿ ಅದನ್ನು ಹಿಡಿಯುವುದಿಲ್ಲ. ಟೈಲ್ಸಿನ ಅಂಟನ್ನು ಹಲ್ಲಿನ ಕರಣಿಯಿಂದ ಪೂರಾ ಹರವಬೇಕು. ಆದರೆ ಅಂಟಿನ ಚೀಲಕ್ಕೆ ದುಡ್ಡು. ಹಾಗಾಗಿ ನಾಲ್ಕು ಮೂಲೆಗೆ ನಾಲ್ಕು ಮುದ್ದಿ, ನಡುವೆ ಒಂದು ಮುದ್ದಿ, ಮೇಲೆ ಎರಡು ಗುದ್ದು. ಐದು ರೂಪಾಯಿ ನಾಣ್ಯದಿಂದ ಬಡಿದು ನೋಡಿದರೆ ಗಟ್ಟಿ ಇದ್ದಲ್ಲಿ ಒಂದು ಸಪ್ಪಳ, ಪೊಳ್ಳು ಇದ್ದಲ್ಲಿ ಇನ್ನೊಂದು. ಸಂದಿಗೆ ಗ್ರೌಟು ತುಂಬುವ ಮೊದಲೇ ಬಡಿಯಬೇಕು. ಆಮೇಲೆ ಬಡಿದರೆ ತಲೆ ಬಡಿದುಕೊಂಡ ಹಾಗೆ.

"ನಡು ಗ್ವಾಡಿ ತಗಿಯೂದು" ಅಂತ ಬರೆದದ್ದಿತ್ತಲ್ಲ, ಆ ಮೂರು ಶಬ್ದಕ್ಕೆ ಲಗ್ನಪತ್ರಿಕೆಯಲ್ಲಿ ಇನ್ನಷ್ಟು ಜಾಗ ಕೊಡಬಹುದಿತ್ತು. ಹಳೇ ಊರಿನ ಮೇಲ್ಮುದ್ದಿ (ಮಣ್ಣಿನ ಮಾಳಿಗೆಯ) ಮನೆಗಳಲ್ಲಿ ಒಂದೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆಯೇ ಕಂಬ. ತೊಲೆ, ಜಂತಿ, ಮೇಲಿನ ಅಷ್ಟೂ ಮಣ್ಣು ಅದರ ಹೆಗಲ ಮೇಲಿರುತ್ತದೆ. ಜಂತಿಯ ತುದಿ ಆ ಗೋಡೆಯ ಮೇಲೆ ಕೂತಿದೆಯೋ ಇಲ್ಲವೋ ನೋಡಬೇಕು, ಕೂತಿದ್ದರೆ ಎರಡೂ ಬದಿಗೆ ಆಸರೆ ನಿಲ್ಲಿಸಬೇಕು, ಎಂಜಿನಿಯರ್ ಲೆಕ್ಕ ಹಾಕಿದ ಅಳತೆಯ ಗರ್ಡರು ತರಬೇಕು, ಅದರ ತುದಿ ಕೂರಲು ಎರಡೂ ಕಡೆ ಕಾಂಕ್ರೀಟಿನ ಗಟ್ಟಿ ಜಾಗ ಮಾಡಬೇಕು, ಆಮೇಲೆ ಗೋಡೆಗೆ ಕೈ ಹಚ್ಚಬೇಕು. ಗುತ್ತೇದಾರ ಎಲ್ಲಕ್ಕಿಂತ ಮೊದಲು ಸುತ್ತಿಗೆ ಎತ್ತುತ್ತಾನೆ. ಪ್ರಶ್ನೆ ಮಾಡಿದರೆ ಉತ್ತರ ಊರಿನ ನೆತ್ತಿಯ ಮೇಲೇ ಸಿದ್ಧವಾಗಿದೆ: "ಗೋಳಗುಮ್ಮಟಕ್ಕ ನಡುವ ಒಂದರೆ ಕಂಬ ಐತೇನ್ರಿ?" ಇಲ್ಲ ನಿಜ. 1656ರಲ್ಲಿ ಮುಗಿದ ಆ 44 ಮೀಟರ್ ವ್ಯಾಸದ ಗುಮ್ಮಟದ ಭಾರವನ್ನು ಒಂದನ್ನೊಂದು ಹಾಯುವ ಎಂಟು ಕಮಾನುಗಳು ಗೋಡೆಗಳಿಗೆ ಹಂಚುತ್ತವೆ. ಹಾಲಿನ ನಡುಗೋಡೆ ತೆಗೆದ ಜಾಗದಲ್ಲಿ ಇವನು ಕೊಡುವುದು ಪಿಒಪಿಯ ಒಂದು ಡಿಸೈನು.

ಹಿತ್ತಲಿಗೆ ಒಂದು ಖೋಲಿ ಹೆಚ್ಚಿಗೆ ಕಟ್ಟಿಸುವವರಿಗೆ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬೇರೆ ಪಾಠ ಕಲಿಸುತ್ತದೆ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ನೆಲವದು. ಹಳೇ ಮನೆಯ ಪಾಯ ಗಟ್ಟಿ ಗರಸಿನ ಮೇಲೆ, ಹೊಸ ಖೋಲಿಯದು ಮೂರಡಿಯ ಎರಿಯಲ್ಲೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೂಡಿದ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಳು. ಪಾಯ ಗಟ್ಟಿ ನೆಲ ಮುಟ್ಟಬೇಕು, ಹಳೇ ಹೊಸ ಗೋಡೆಯ ನಡುವೆ ಸಂದಿ ಬಿಡಬೇಕು. ಪ್ರತಿ ದೀಪಾವಳಿಗೆ ಬಿಳಿ ಪುಟ್ಟಿ ತುಂಬುವುದಕ್ಕೆ ಇಲಾಜು ಅನ್ನುವುದಿಲ್ಲ.

ಉಸುಕಿನ ಲೆಕ್ಕ ಇನ್ನೂ ಸೊಗಸು. ಒಂದು ಬ್ರಾಸ್ ಅಂದರೆ 100 ಘನ ಅಡಿ. ಟ್ರ್ಯಾಕ್ಟರ್ ಡಬ್ಬಿಯ ಒಳಗಿನ ಉದ್ದ, ಅಗಲ, ಉಸುಕಿನ ಎತ್ತರ ಅಡಿಯಲ್ಲಿ ಅಳೆದು ಗುಣಿಸಿದರೆ ಮುಗಿಯಿತು. ಟೇಪು ಹಿಡಿದು ಹೋದ ಮಾಲೀಕನನ್ನು ಡ್ರೈವರ್ ಇನ್‌ಕಮ್ ಟ್ಯಾಕ್ಸಿನವನನ್ನು ನೋಡಿದಂತೆ ನೋಡುತ್ತಾನೆ. ಇಷ್ಟಾದರೂ ಹಸಿ ಉಸುಕು ಒಣಗಿದ್ದಕ್ಕಿಂತ ನೂರಕ್ಕೆ 20ರಿಂದ 30ರಷ್ಟು ಉಬ್ಬಿರುತ್ತದೆ, ಅಂದರೆ ಡಬ್ಬಿಯ ಒಂದು ಪಾಲು ಗಾಳಿಗೆ ದುಡ್ಡು. ಬೆಳಿಗ್ಗೆ ಕಲಸಿದ ಸಿಮೆಂಟು-ಉಸುಕಿನ ಮಾಲಿಗೆ ಊಟ ಮಾಡಿ, ಎಲಿ ಅಡಕಿ ಹಾಕಿಕೊಂಡು ಬಂದು ಮತ್ತೆ ನೀರು ಸುರಿದು ಕಲಸುವುದು ಈ ಕಸುಬಿನ ನಿತ್ಯಪೂಜೆ. ಸಿಮೆಂಟು ಅರ್ಧ ತಾಸು ದಾಟಿದ ಮೇಲೆ ಯಾವಾಗ ಬೇಕಾದರೂ ಬಿಗಿಯಲು ಶುರುಮಾಡಬಹುದು. ಬಿಗಿದದ್ದಕ್ಕೆ ಮತ್ತೆ ನೀರು ಹಾಕಿದರೆ ಹದ ಬರುತ್ತದೆ, ಶಕ್ತಿ ಬರುವುದಿಲ್ಲ.

ಕ್ಯೂರಿಂಗ್ ಯಾರ ಪಾಲಿನದು ಅಂತ ಬರೆಯದೇ ಇರುವುದರಲ್ಲಿ ಮಾತ್ರ ನಿಜವಾದ ಜಾಣತನವಿದೆ. ಓಪಿಸಿ ಅನ್ನುವ ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿಯಾದರೆ 10 ದಿನ ಒದ್ದೆ ಇಡಬೇಕು. ಯಾವುದು ಅಂತ ಚೀಲದ ಮೇಲೇ ಅಚ್ಚಾಗಿರುತ್ತದೆ, ತಯಾರಾದ ವಾರವೂ ಇರುತ್ತದೆ. ಬೇಸಿಗೆ 40 ಡಿಗ್ರಿ ದಾಟುವ, ನಳದ ನೀರು ಪಾಳಿಯ ಮೇಲೆ ಬರುವ ಊರಿದು. ಗೋಣಿ ತಟ್ಟು ತೋಯಿಸಿ ಹೊದಿಸದೆ ಗತಿಯಿಲ್ಲ, ಸವುಳು ಬೋರಿನ ನೀರು ಹೊಡೆದರೆ ಗೋಡೆ ಬೆಳ್ಳಗೆ ಉಪ್ಪು ಕಾರುತ್ತದೆ. ಕೆಲಸ ನಡೆದಾಗ "ನೀರ ನೀವ ಹೊಡಕೊಳ್ರಿ ಕಾಕಾರ" ಅಂದವನು ಗಿಲಾವು ಬಿರುಕು ಬಿಟ್ಟಾಗ "ನೀರ ಹೊಡದಿಲ್ರಿ ನೀವ" ಅನ್ನುತ್ತಾನೆ. ವಾದಕ್ಕೆ ಎಡೆಯೇ ಇಲ್ಲ.

ವಾಯರಿಂಗಿನಲ್ಲಿ ನಗುವಂಥದ್ದು ಕಡಿಮೆ. ಗೀಸರಿಗೆ 2.5 ಚದರ ಮಿಲಿಮೀಟರಿಗಿಂತ ಸಣ್ಣ ವಾಯರ್ ಎಳೆಯಲು, ಬಾತ್‌ರೂಮಿಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಬಿಟ್ಟುಬಿಡಲು ಒಪ್ಪಲೇಬಾರದು, ಲೈಸೆನ್ಸ್ ಇಲ್ಲದವನಿಗೆ ಮೀಟರ್ ಬೋರ್ಡು ಮುಟ್ಟಗೊಡಬಾರದು.

ಈಗ ಆ ಒಂದೂವರೆ ಲಕ್ಷ. ಅದು ನಿಮ್ಮ ಮನೆಗೆ ಖರ್ಚಾಗುತ್ತದೆ ಅಂತ ತಿಳಿದವರು ಪುಣ್ಯವಂತರು. ಅದು ಹಿಂದಿನ ಮನೆಯ ಟೈಲ್ಸ್ ಅಂಗಡಿಯ ಬಾಕಿಗೆ ಹೋಗುತ್ತದೆ. ನಿಮ್ಮ ಮನೆ ಮುಗಿಯುವುದು ಮುಂದಿನವನ ಅಡ್ವಾನ್ಸಿನಿಂದ. ಆದ್ದರಿಂದಲೇ ಮೊದಲ ದಿನ ಬಲು ಹುರುಪಿನಿಂದ ಆರು ಆಳು ಬಂದು ಎರಡೂ ಬಾತ್‌ರೂಮು ಒಂದೇ ಬಾರಿ ಒಡೆದು ಹೋಗುತ್ತಾರೆ. ಬಾತ್‌ರೂಮಿಲ್ಲದ ಮನೆಯ ಯಜಮಾನ ಗುತ್ತೇದಾರನನ್ನು ಬಿಡಿಸಲಾರ, ಬೈಯಲಾರ, ಪಕ್ಕದ ಮನೆಗೆ ತಂಬಿಗೆ ಹಿಡಿದು ಹೋಗುತ್ತ ಅವನ ಫೋನಿಗೆ ಕಾಯಬಲ್ಲ. ಒಂದು ಬಾತ್‌ರೂಮು ಮುಗಿದು ನೀರು ಹರಿದು ತೋರಿಸುವವರೆಗೆ ಇನ್ನೊಂದಕ್ಕೆ ಉಳಿ ಮುಟ್ಟಿಸಬಾರದು. ಶುರುವಿಗೆ ನೂರಕ್ಕೆ ಹತ್ತು, ಆಮೇಲೆ ಮುಗಿದ ಕೆಲಸಕ್ಕೆ ತಕ್ಕಷ್ಟು, ಕಡೆಯ ಹತ್ತು ಪಾಲು ಒಂದು ಮಳೆಗಾಲ ಕಳೆದ ಮೇಲೆ. ಇದನ್ನು ಬರೆದು ಸಹಿ ಹಾಕಿಸಬೇಕು, ದುಡ್ಡು ಬ್ಯಾಂಕಿನಿಂದಲೇ ಹೋಗಬೇಕು. 2019ರ ಗ್ರಾಹಕ ಕಾಯ್ದೆಯಲ್ಲಿ ಮನೆ ಕಟ್ಟುವುದೂ ಸೇವೆಯೇ. ಕೊಟ್ಟ ದುಡ್ಡು 50 ಲಕ್ಷ ಮೀರದ ತಕರಾರನ್ನು ಜಿಲ್ಲಾ ಗ್ರಾಹಕ ಆಯೋಗವೇ ಕೇಳುತ್ತದೆ, 5 ಲಕ್ಷದವರೆಗೆ ಫೀ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು. ನಗದು ಎಣಿಸಿ ಕೊಟ್ಟವರು ಅಲ್ಲಿ ಹೋಗಿ ನಂಬಿಕೆಯನ್ನು ಸಾಕ್ಷಿಯಾಗಿ ಕರೆಸಲಾರರು.

ಅವಧಿಯನ್ನೂ ಬರೆಸಬೇಕು, ಪಂಚಾಂಗ ಪಕ್ಕಕ್ಕಿಟ್ಟುಕೊಂಡೇ. ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯ ಜಾತ್ರೆ, ಬನದ ಹುಣ್ಣಿಮೆಗೆ ಬನಶಂಕರಿ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ, ಯುಗಾದಿ ಮುಂದೆ ಶ್ರೀಶೈಲಕ್ಕೆ ಪಾದಯಾತ್ರೆ. ಬಿಸಿಲಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಗೌಂಡಿಗೆ ಈ ರಜೆ ನ್ಯಾಯವಾದದ್ದು, ಸಂತಿ ದಿನದ ಬಟವಾಡೆಯೂ ತಪ್ಪಬಾರದು. ತಂಟೆ ಗುತ್ತೇದಾರನದು. ಅದೇ ನಾಲ್ಕು ಗೌಂಡಿಗಳನ್ನು ಅವನು ಒಂದೇ ದಿನ ಜಲನಗರದಲ್ಲೂ ಆಶ್ರಮ ರೋಡಿನಲ್ಲೂ ಸೋಲಾಪುರ ರೋಡಿನಲ್ಲೂ ಹಾಜರಿ ಹಾಕಿರುತ್ತಾನೆ.

ಇಷ್ಟೆಲ್ಲ ಇದ್ದೂ ಅವನಿಗೆ ಕೆಲಸ ಹೇಗೆ ಸಿಗುತ್ತದೆ? ಮೊದಲು ಸಿಕ್ಕಿಬಿದ್ದವರ ಶಿಫಾರಸಿನಿಂದ. ಹೊಸ ಗಿರಾಕಿ ಹೋಗಿ ವಿಚಾರಿಸುವುದು ಯಾರನ್ನು? ಇನ್ನೂ ಶವರ್ ಸೋರುವ, ಇನ್ನೂ ನಲವತ್ತು ಸಾವಿರದ ಕೆಲಸ ಬಾಕಿ ಇರುವ ಮನೆಯ ಯಜಮಾನರನ್ನು. ಅವರು ನಿಜ ಹೇಳಿದರೆ ಗುತ್ತೇದಾರ ಅವರ ಮನೆಗೆ ಮತ್ತೆ ಬರುವುದಿಲ್ಲ, ಹೊಸ ಅಡ್ವಾನ್ಸು ಹುಟ್ಟದಿದ್ದರೆ ಅವರ ಶವರು ಸೋರುವುದೂ ನಿಲ್ಲುವುದಿಲ್ಲ. ಲೆಕ್ಕ ಚುಕ್ತಾ ಆಗಿ ಎರಡು ಮಳೆಗಾಲ ಕಳೆದವರನ್ನು ಹುಡುಕಿ, ಅವರ ಬಾತ್‌ರೂಮಿನ ಕೆಳಗಿನ ಮಾಳಿಗೆ ನೋಡಿ ಬಂದರೆ ಅರ್ಧ ಗಂಟೆಯ ಕೆಲಸ. ಅಷ್ಟು ಪುರುಸೊತ್ತು ಯಾರಿಗಿದೆ? ಫೋನ್ ಹಚ್ಚುತ್ತಾರೆ. ಆ ಕಡೆ ಯಜಮಾನರು ಕೆಳಗಿಟ್ಟ ಬಕೀಟನ್ನು ಕಾಲಿನಿಂದ ಸರಿಸುತ್ತ ಹೇಳುತ್ತಾರೆ: "ಭಾಳ ಛಲೋ ಮನಷ್ಯಾ ರೀ, ಒಂದೀಟು ಲೇಟ್ ಮಾಡ್ತಾನ ಅಷ್ಟ. ಲಗೂನ ಅಡ್ವಾನ್ಸ್ ಕೊಟ್ಟಬಿಡ್ರಿ."