ಹಾಡು ಮುಗಿದ ಮೇಲೂ ಕೇಳಿಸಬೇಕಾದದ್ದು

‘ನಿಮ್ಮ ಕನ್ನಡ ಸಿನಿಮಾದ್ದು ಒಂದು ಹಿನ್ನೆಲೆ ಸಂಗೀತದ ರೆಕಾರ್ಡು ಹೇಳಿ, ಕೊಂಡು ಕೇಳುತ್ತೇನೆ’ ಎಂದು ಪ್ಯಾರಿಸಿನ ಸಂಗೀತಪ್ರಿಯರೊಬ್ಬರು ಕೇಳಿದರು. ಹೇಳಿದ್ದೆಲ್ಲ ಹಾಡುಗಳ ಹೆಸರೇ ಆಯಿತು. ‘ಹಾಡಲ್ಲ, ಹಿನ್ನೆಲೆ’ ಎಂದು ಅವರು ಮತ್ತೆ ಕೇಳಿದಾಗ ಬಾಯಿ ಕಟ್ಟಿತು. ಅವರ ಕೈಯಲ್ಲಿದ್ದದ್ದು 1981ರ ಫ್ರೆಂಚ್ ಚಿತ್ರ ‘ದಿವಾ’ದ ಸಂಗೀತ. ಇಷ್ಟು ವರ್ಷವಾದರೂ ಇಲ್ಲಿ ಪ್ಯಾರಿಸಿನಲ್ಲಿ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ.

ಈ ಚಿತ್ರ ಶುರುವಾಗುವ ಜಾಗ ಇಲ್ಲಿನ ಕನ್ನಡಿಗರಿಗೆಲ್ಲ ಗೊತ್ತು, ಸಿನಿಮಾದ ಕಾರಣಕ್ಕಲ್ಲ. ಕರಿಬೇವು, ನುಗ್ಗೆಕಾಯಿ, ಇಡ್ಲಿ ಅಕ್ಕಿಗೆಂದು ಲಾ ಶಾಪೆಲ್ ಮೆಟ್ರೋದಲ್ಲಿ ಇಳಿದು ತಮಿಳರ ಅಂಗಡಿಗಳ ಕಡೆ ಹೋಗುವಾಗ ಪಕ್ಕದಲ್ಲೇ ಬೂಫ್ ದ್ಯು ನೋರ್ ರಂಗಮಂದಿರ ಸಿಗುತ್ತದೆ. 1876ರದ್ದು. ಹಾಳುಬಿದ್ದಿದ್ದನ್ನು ನಾಟಕ ನಿರ್ದೇಶಕ ಪೀಟರ್ ಬ್ರೂಕ್ 1974ರಲ್ಲಿ ಮತ್ತೆ ತೆರೆದರು. ಕಿತ್ತುಹೋದ ಗೋಡೆಗಳನ್ನು ಹಾಗೇ ಉಳಿಸಿಕೊಂಡರು. ಅವರ ಮಹಾಭಾರತವೂ ಇಲ್ಲಿ ನಡೆಯಿತು. ‘ದಿವಾ’ದ ನಿರ್ದೇಶಕ ಝಾಂ-ಜಾಕ್ ಬೆನೆಕ್ಸ್ ತಮ್ಮ ಗಾಯಕಿಯನ್ನು ನಿಲ್ಲಿಸಿದ್ದು ಅದೇ ಗೋಡೆಗಳ ಮುಂದೆ.

ಗಾಯಕಿಯ ಪಾತ್ರ ಮಾಡಿದ ವಿಲ್ಹೆಲ್ಮೀನಿಯಾ ಫರ್ನಾಂಡಿಸ್ ನಿಜಕ್ಕೂ ಆಪೆರಾ ಸೊಪ್ರಾನೊ, ಎಂದರೆ ತಾರಸ್ಥಾಯಿಯ ಗಾಯಕಿ. ತುಟಿ ಆಡಿಸಿದವರು, ದನಿ ಕೊಟ್ಟವರು ಬೇರೆಬೇರೆಯಲ್ಲ. ಅವರು ಹಾಡುವುದು ಆಲ್ಫ್ರೆಡೊ ಕತಲಾನಿಯ ‘ಲಾ ವಾಲಿ’ ಆಪೆರಾದ ಮೊದಲ ಅಂಕದ ಹಾಡು, ಅದು ಮೊದಲು ರಂಗಕ್ಕೆ ಬಂದದ್ದು 1892ರಲ್ಲಿ, ಮಿಲಾನಿನ ಲಾ ಸ್ಕಾಲಾದಲ್ಲಿ. ತವರು ಬಿಟ್ಟು ಒಬ್ಬಳೇ ಹಿಮದ ಕಡೆ ಹೊರಟ ಹೆಣ್ಣಿನ ಹಾಡು. ಇ ಮೇಜರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯದು, ಮೊದಲ ಸಾಲು ಹೆಚ್ಚೇನೂ ಏರದೆ ಒಂದೇ ಸ್ವರದ ಆಸುಪಾಸಿನಲ್ಲಿ ನಿಲ್ಲುತ್ತದೆ, ಕೊನೆಗೆ ತಾರದ ಬಿ ಸ್ವರಕ್ಕೆ, ಎಂದರೆ ಸುಮಾರು 988 ಹರ್ಟ್ಸ್‌ಗೆ ಏರುತ್ತದೆ.

ನಮ್ಮವರು ಕಲಿಯಬೇಕಾದದ್ದು ಅದರ ನಂತರದ್ದು. ಕಥೆಯಲ್ಲಿ ಈ ಗಾಯಕಿ ತನ್ನ ದನಿಯನ್ನು ಮುದ್ರಿಸಲು ಯಾರಿಗೂ ಬಿಟ್ಟವಳಲ್ಲ. ಸಭೆಯಲ್ಲಿ ಕೂತ ಅಂಚೆಯ ಹುಡುಗ ಕದ್ದು ನಾಗ್ರಾ ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಳ್ಳುತ್ತಾನೆ. ಮುಂದೆ ಅದೇ ಹಾಡು ಟೇಪಿನಿಂದ ಅವನ ಕೋಣೆಯಲ್ಲಿ ಕೇಳಿಸುತ್ತದೆ, ಕೊನೆಗೆ ಖಾಲಿ ರಂಗಮಂದಿರದಲ್ಲಿ ಅವಳಿಗೇ ಕೇಳಿಸುತ್ತದೆ. ಸ್ವರ ಒಂದೂ ಬದಲಾಗಿಲ್ಲ, ಕೇಳುವ ಜಾಗ ಬದಲಾಗಿದೆ. ಅರ್ಥ ಬೆಳೆಯುವುದು ಅಷ್ಟರಿಂದಲೇ.

ಹಾಡಿನ ನಡುವಿನ ಜಾಗವನ್ನು ಸಂಗೀತಗಾರ ವ್ಲಾದಿಮಿರ್ ಕೋಸ್ಮಾ ತುಂಬಿದ ರೀತಿ ನೋಡಿ. ನಸುಕಿನಲ್ಲಿ ಗಾಯಕಿಯೂ ಹುಡುಗನೂ ಪ್ಯಾರಿಸ್ ಸುತ್ತುವಾಗ ಫ್ರೆಂಚ್ ಸಂಗೀತಕಾರ ಎರಿಕ್ ಸತೀಯ ನೆರಳಿನಂಥ ನಿಧಾನದ ಪಿಯಾನೋ. ಬೇರೆಡೆ ಹೆಚ್ಚು ಅಲುಗಾಡದೆ ಉದ್ದಕ್ಕೆ ಹರಡಿಕೊಂಡ ಸಿಂಥಸೈಜರ್ ನಾದ. ಎಲ್ಲಿಯೂ ಆಪೆರಾದ ರಾಗವನ್ನು ವಯಲಿನ್‌ಗಳಿಗೆ ಹಂಚಿ ಎಳೆದಾಡಿಲ್ಲ. ಆದ್ದರಿಂದಲೇ ಹಾಡು ಮರಳಿದಾಗ ಹಳಸಿರುವುದಿಲ್ಲ. ಚಿತ್ರ ಮೊದಲ ಬಿಡುಗಡೆಯಲ್ಲಿ ಇಲ್ಲಿ ಸೋತಿತ್ತು. ಸಂಗೀತಕ್ಕೂ ಧ್ವನಿಗ್ರಹಣಕ್ಕೂ 1982ರ ಸೆಜಾರ್, ಎಂದರೆ ಫ್ರೆಂಚ್ ಸಿನಿಮಾ ಪ್ರಶಸ್ತಿ ಬಂತು.

ನಮ್ಮಲ್ಲಿ ಸಂಗೀತದ ಚಿತ್ರವೆಂದರೆ ಕಛೇರಿಯ ಹಾಡು ಬರುತ್ತದೆ, ಕೊನೆಯ ಆವರ್ತ ಮುಗಿಯುವುದೇ ತಡ, ಚಪ್ಪಾಳೆ, ಅದರ ಮೇಲೆ ತಂತಿವಾದ್ಯಗಳ ಮೇಳ, ಅದರ ಮೇಲೆ ಮಾತು. ರೀರೆಕಾರ್ಡಿಂಗಿಗೆ, ಎಂದರೆ ಹಿನ್ನೆಲೆ ಸಂಗೀತ ಕೂಡಿಸಲು ಕೂತವರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜಾ ಮಾಡಿದ ತುಣುಕು ಮುಂದೆ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ದೇಶಕ್ಕೆಲ್ಲ ಕೇಳಿಸಿತು, ಅಂಥ ಸಂಗೀತವನ್ನೂ ನಾವು ಹಾಡಿನ ಬಾಲದಂತೆ ನೋಡಿದೆವು. ಹಾಡಿಗೆ ಕ್ಯಾಸೆಟ್ಟು, ಹಿನ್ನೆಲೆಗೆ ಏನೂ ಇಲ್ಲ. ಮಾತು, ಸದ್ದು, ಸಂಗೀತ ಮೂರನ್ನೂ ಬೆರೆಸಿ ಒಂದೇ ಟ್ರ್ಯಾಕಿಗೆ ಇಳಿಸಿದ ಮೇಲೆ ಬಿಡಿ ಟೇಪುಗಳನ್ನು ಕಾಪಾಡದಿದ್ದರೆ ಸಂಗೀತವನ್ನು ಶುದ್ಧವಾಗಿ ಬೇರ್ಪಡಿಸುವುದು ಬಹಳ ಕಷ್ಟ.

‘ದಿವಾ’ ಸಂಗೀತವನ್ನು ಹೊಸದಾಗಿ ಕೇಳುವವರು ಸಾಮಾನ್ಯವಾಗಿ ಎಡವುವುದು ವಾಲ್ಯೂಮಿನಲ್ಲಿ. ಪಿಯಾನೋ ಮೆತ್ತಗಿದೆಯೆಂದು ಏರಿಸುತ್ತಾರೆ, ತಾರದ ಬಿ ಬಂದಾಗ ಕಿವಿಗೆ ಬಡಿಯುತ್ತದೆ, ಇಳಿಸುತ್ತಾರೆ. ಅಲ್ಲಿಗೆ ಎರಡೂ ಕೆಟ್ಟಿತು. ಮೊದಲು ಹಾಡಿನ ಕೊನೆಯ ಅರ್ಧ ನಿಮಿಷ ಹಾಕಿ, ಜೋರಾದರೂ ಒರಟಾಗದ ಮಟ್ಟಕ್ಕೆ ವಾಲ್ಯೂಮ್ ನಿಲ್ಲಿಸಿ, ಆಮೇಲೆ ಮೊದಲಿನಿಂದ ಕೇಳಿ, ಮತ್ತೆ ಮುಟ್ಟಬೇಡಿ. ಫೋನಿನಲ್ಲಿ ಕ್ರಮ ಕಲಸುವ ಷಫಲ್, ಒಂದರೊಳಗೊಂದು ಬೆರೆಸುವ ಕ್ರಾಸ್‌ಫೇಡ್ ಎರಡನ್ನೂ ತೆಗೆಯಿರಿ. ಟಿವಿಯ ನೈಟ್ ಮೋಡ್ ಮೆತ್ತಗಿನದನ್ನು ಎತ್ತಿ ಜೋರಿನದನ್ನು ತಗ್ಗಿಸುತ್ತದೆ, ಪಿಯಾನೋವೂ ಸೊಪ್ರಾನೊವೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಸ್ಪೀಕರು ಗೋಡೆಯ ಮೂಲೆಗೆ ಒತ್ತಿದ್ದರೆ ತಗ್ಗಿನ ನಾದ ಉಬ್ಬಿ ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಒಂದೆರಡು ಅಡಿ ಈಚೆಗೆ ಎಳೆಯಿರಿ.

ಊರಿನ ಮೇಲಿನ ಈ ಸಿಟ್ಟಿಗೆ ಉತ್ತರವೂ ಊರಿನಲ್ಲೇ ಇದೆ, ಒಪ್ಪಬೇಕು. 1975ರ ‘ಹಂಸಗೀತೆ’ಯಲ್ಲಿ ಬಾಲಮುರಳಿಕೃಷ್ಣರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಸಂಗೀತದಲ್ಲಿ ಅವರ ಜೊತೆಗೆ ಬಿ.ವಿ. ಕಾರಂತರಿದ್ದರು. ಕಾರಂತರಿಗೆ ‘ಘಟಶ್ರಾದ್ಧ’ದ ಸಂಗೀತಕ್ಕೂ ರಾಷ್ಟ್ರಪ್ರಶಸ್ತಿ ಸಿಕ್ಕಿತು, ಮೌನವನ್ನು ವಾದ್ಯದಂತೆ ಬಳಸುವುದನ್ನು ಅವರು ಯಾರಿಂದಲೂ ಕಲಿಯಬೇಕಿರಲಿಲ್ಲ. ತುಂಬಿಸುವ ಚಟಕ್ಕೂ ಕಾರಣವಿತ್ತು. ಫ್ಯಾನುಗಳು ಗರಗರ ತಿರುಗುವ, ಸಿಳ್ಳೆ ಬೀಳುವ ಥಿಯೇಟರಿನಲ್ಲಿ ಪಿಯಾನೋದ ಎರಡು ಸ್ವರಗಳ ನಡುವೆ ಕೇಳಿಸುತ್ತಿದ್ದದ್ದು ಫ್ಯಾನೇ. ಇನ್ನು, ನಮ್ಮ ಸಿನಿಮಾ ಹಾಡು ಅಡುಗೆಮನೆಯವರೆಗೂ ಬಂದಿದೆ. ಇಲ್ಲಿ ಸೊಪ್ಪು ಸೋಸುತ್ತಾ ‘ಲಾ ವಾಲಿ’ ಗುನುಗುವವರು ಕಂಡಿಲ್ಲ.

‘ಘಟಶ್ರಾದ್ಧ’ವನ್ನು ಹಳೆಯ ಚಿತ್ರಗಳನ್ನು ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂದೆ ನಿಂತು ಪುನರುಜ್ಜೀವಗೊಳಿಸಿತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಚಿತ್ರಕ್ಕೆ ಅಷ್ಟು ಮಾಡಲಾದರೆ, ಅದರ ಸಂಗೀತದಲ್ಲಿ ಮಾತು ಬೆರೆಯದ ಭಾಗಗಳನ್ನಾದರೂ ಕತ್ತರಿಸಿ ಒಂದು ಧ್ವನಿಮುದ್ರಿಕೆ ಮಾಡಬಹುದು. ಹತ್ತು ನಿಮಿಷ ಸಿಕ್ಕರೂ ಸಾಕು. ಪ್ಯಾರಿಸಿನಲ್ಲಿ ಕೇಳಿದವರಿಗೆ ಆಗ ಹಾಡಿನ ಹೆಸರು ಹೇಳಬೇಕಾಗುವುದಿಲ್ಲ.