ದಪ್ಪ ಟೈರಿನ ದೊಡ್ಡಸ್ತಿಕೆ

ಗೆಳೆಯನೊಬ್ಬ ಕಾರಿಗೆ ಅಗಲದ ಟೈರ್ ಹಾಕಿಸಿದ್ದಾನೆ. ಬಂದು ನೋಡು ಅಂತ ಕರೆದ, ಹೋದೆ. ಸುಳ್ಳು ಯಾಕೆ ಹೇಳಲಿ, ಕಾರು ಚೆನ್ನಾಗಿಯೇ ಕಾಣುತ್ತಿತ್ತು. ಅಂಗಿಯಲ್ಲಿ ತೋಳು ಹಿಡಿಸದ ಪೈಲ್ವಾನನ ಹಾಗೆ ನಿಂತಿತ್ತು. ಒಂದು ಸುತ್ತು ಹೊರಟೆವು. ಮೊದಲ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಮುಂದಿನ ಎಡ ಚಕ್ರದಿಂದ ಕರ್‌ರ್ರ್ ಅಂತ ಸದ್ದು.

"ಏನೋ ಅದು?"

"ಏನಿಲ್ಲ, ಹೊಸದಲ್ವಾ. ಸವೆದು ಸರಿಹೋಗುತ್ತೆ."

ಸವೆಯುವುದು ಟೈರೋ ಕಾರೋ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಮೊದಲು ಇದ್ದದ್ದು 185/65 R15. ಈಗ ಇರುವುದು 205/65 R15. "ಒಂದೇ ಒಂದು ನಂಬರ್ ಬದಲಾಗಿರೋದು ಕಣೋ" ಅಂತಾನೆ. ಪಾಪ, ಅವನದೇನು ತಪ್ಪು? ಆ ಸಾಲು ಬರೆದ ಪುಣ್ಯಾತ್ಮರನ್ನು ಮೊದಲು ಹೊಗಳಬೇಕು. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ 65 ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ, ಅದು ಶೇಕಡಾ. ಯಾವುದರ ಶೇಕಡಾ? ಮೊದಲ ನಂಬರಿನದ್ದು. ದರ್ಜಿಯ ಹತ್ತಿರ ಹೋಗಿ, ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ, ಉದ್ದ ಇಂಚಿನಲ್ಲಿ, ತೋಳು ಎದೆಯ ಶೇಕಡಾ 65 ಅಂತ ಹೇಳಿ ನೋಡಿ. ಟೇಪು ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾನೆ. ಟೈರಿನವರು ಮಾತ್ರ ಇದನ್ನು ರಬ್ಬರಿನ ಮೇಲೆ ಅಚ್ಚು ಹಾಕಿ ಲೋಕಕ್ಕೆಲ್ಲ ಹಂಚಿದ್ದಾರೆ.

ಈ ಶೇಕಡಾ ಇದೆಯಲ್ಲ, ಅದೇ ಗೆಳೆಯನಿಗೆ ಕೈ ಕೊಟ್ಟದ್ದು. 185ರ ಶೇಕಡಾ 65 ಅಂದರೆ 120.25 ಮಿ.ಮೀ. ರಿಮ್ಮಿನ ಅಂಚಿನಿಂದ ನೆಲದವರೆಗೆ ಇರುವ ರಬ್ಬರಿನ ಎತ್ತರ ಅದು. 205ರ ಶೇಕಡಾ 65 ಅಂದರೆ 133.25. ರಿಮ್ಮಿನ ಕೆಳಗೆ 13 ಜಾಸ್ತಿ, ಮೇಲೂ 13 ಜಾಸ್ತಿ. ಇಡೀ ಚಕ್ರ 621.5 ಮಿ.ಮೀ. ಇದ್ದದ್ದು 647.5 ಆಯಿತು. ಇವನು ಕೇಳಿದ್ದು ಅಗಲ, ಪುಕ್ಕಟೆಯಾಗಿ ಎತ್ತರವೂ ಬಂತು. ಮಡ್‌ಗಾರ್ಡಿನೊಳಗಿನ ಜಾಗಕ್ಕೆ ಈ ವಿಷಯ ಯಾರೂ ತಿಳಿಸಿರಲಿಲ್ಲ. 205/60 R15 ಹಾಕಿಸಿದ್ದರೆ ಎತ್ತರ 627ಕ್ಕೆ ನಿಲ್ಲುತ್ತಿತ್ತು. ಅಗಲ ಏರಿಸಿದರೆ ನಡುವಿನ ನಂಬರ್ ಇಳಿಸಬೇಕು, ಇಷ್ಟೇ ಗುಟ್ಟು. ಟೈರ್ ಮಾರಿದವರಿಗೆ ಇದು ಗೊತ್ತಿರಲಿಲ್ಲವೋ, ಸ್ಟಾಕಿನಲ್ಲಿ ಇರಲಿಲ್ಲವೋ, ದೇವರೇ ಬಲ್ಲ.

ಇನ್ನೂ ಒಂದು ತಮಾಷೆ ಇದೆ. ಆ 205 ಅನ್ನುವುದು ನೆಲಕ್ಕೆ ತಾಗುವ ಪಟ್ಟಿಯ ಅಗಲವಲ್ಲ. ಗೊತ್ತುಮಾಡಿದ ಒಂದು ರಿಮ್ಮಿಗೆ ಹಾಕಿ, ಗಾಳಿ ತುಂಬಿ, ಉಬ್ಬಿದ ಎರಡು ಹೊಟ್ಟೆಗಳ ನಡುವೆ ಅಳೆದದ್ದು. ಅದಕ್ಕಿಂತ ಅರ್ಧ ಇಂಚು ಕಿರಿದಾದ ರಿಮ್ಮಿಗೆ ಹಾಕಿದರೆ ಅದೇ ಟೈರು ಸುಮಾರು 5 ಮಿ.ಮೀ. ಸೊರಗುತ್ತದೆ. ಅಂದರೆ ಹಳೆಯ ರಿಮ್ಮಿನ ಮೇಲೆಯೇ ದಪ್ಪ ಟೈರು ಕೂರಿಸಿದವನು, ಕೊಟ್ಟ ದುಡ್ಡಿನಷ್ಟು ದಪ್ಪವನ್ನೂ ಪಡೆದಿರುವುದಿಲ್ಲ.

ಹಾಗಂತ ಈ ಅಳತೆಗಳನ್ನು ಸರಿ ಮಾಡಲು ಯಾರೂ ನೋಡಲಿಲ್ಲ ಅಂತಲ್ಲ. 1975ರಲ್ಲಿ ಮಿಶೆಲಿನ್ ಕಂಪನಿ ಟಿಆರ್‌ಎಕ್ಸ್ ಅನ್ನುವ ಟೈರು ತಂದಿತು. ಅದರಲ್ಲಿ ರಿಮ್ಮೂ ಮಿಲಿಮೀಟರಿನಲ್ಲಿ, 365, 390 ಹೀಗೆ. ಎಂಥ ಬುದ್ಧಿವಂತಿಕೆ ಅಲ್ವಾ? ಆದರೆ 390 ಮಿ.ಮೀ. ಅಂದರೆ 15 ಇಂಚಿಗಿಂತ ಚೂರು ದೊಡ್ಡದು, 16ಕ್ಕಿಂತ ಚಿಕ್ಕದು. ಮಾಮೂಲಿ ಟೈರು ಆ ರಿಮ್ಮಿಗೆ ಕೂರುವುದಿಲ್ಲ, ಆ ಟೈರು ಮಾಮೂಲಿ ರಿಮ್ಮಿಗೆ ಕೂರುವುದಿಲ್ಲ. ಜಗತ್ತು ಇಂಚು ಬಿಡಲಿಲ್ಲ, ಟಿಆರ್‌ಎಕ್ಸ್ ಮೂಲೆ ಸೇರಿತು. ಆ ಕಾಲದ ಕಾರು ಇಟ್ಟುಕೊಂಡವರು ಇವತ್ತಿಗೂ ಒಂದು ಜೊತೆ ಟೈರಿಗಾಗಿ ಪರದಾಡುತ್ತಾರೆ, ಇಲ್ಲವೇ ರಿಮ್ಮನ್ನೇ ಬದಲಿಸುತ್ತಾರೆ. ಊರೆಲ್ಲ ತಪ್ಪು ಲೆಕ್ಕ ಬರೆಯುವಾಗ ಒಬ್ಬನೇ ಸರಿ ಬರೆದರೆ ಫೇಲಾಗುವವನು ಅವನೇ.

ಸಾಲಿನ ಬಾಲದಲ್ಲಿ 88H ಅಂತಲೋ 91V ಅಂತಲೋ ಇರುತ್ತದೆ. ಬಹಳ ಜನ ಅದನ್ನು ಮಾಡೆಲ್ ನಂಬರ್ ಅಂದುಕೊಂಡಿದ್ದಾರೆ. 91 ಅಂದರೆ 91 ಕೆ.ಜಿ. ಅಲ್ಲ, ಒಂದು ಟೈರು 615 ಕೆ.ಜಿ. ಹೊರಬಹುದು ಅಂತ. 88 ಅಂದರೆ 560. ಪಟ್ಟಿ ಕೈಲಿಲ್ಲದೆ ಬ್ರಹ್ಮನಿಗೂ ಹೊಳೆಯುವುದಿಲ್ಲ. ಅಕ್ಷರ ಹೇಳುವುದು ವೇಗದ ಮಿತಿ. S ಅಂದರೆ ಗಂಟೆಗೆ 180 ಕಿ.ಮೀ., T 190, U 200, ಆಮೇಲೆ V ಬರಬೇಕಲ್ಲ, ಬರುವುದು H! ಅದಕ್ಕೆ 210. V ಬರುವುದು ಅದಾದ ಮೇಲೆ, 240ಕ್ಕೆ. ಕ್ಯೂನಲ್ಲಿ ಪರಿಚಯದವರಿದ್ದರೆ ನಡುವೆ ನುಗ್ಗುತ್ತಾರಲ್ಲ, ಆ ಥರ.

ಗೆಳೆಯನ ಸುದ್ದಿಗೆ ಬರೋಣ. ಈಗ ಅವನ ದೂರು ಮೈಲೇಜಿನದ್ದು. ಟೈರು ಭಾರವಾಗಿದೆ, ಉರುಳುವುದಕ್ಕೂ ಜಾಸ್ತಿ ಬಲ ಬೇಕು, ಅದು ನಿಜ. ಆದರೆ ಚಕ್ರವೂ ದೊಡ್ಡದಾಗಿದೆಯಲ್ಲ. ಮೀಟರಿಗೆ ಅದು ಗೊತ್ತಿಲ್ಲ, ಅದು ಹಳೆಯ ಚಕ್ರದ ಲೆಕ್ಕವನ್ನೇ ಹಾಕುತ್ತಾ ಕೂತಿದೆ. ಮೊದಲು ನೂರು ಕಿ.ಮೀ. ತೋರಿಸುತ್ತಿದ್ದ ಕಡೆ ಈಗ ಕಾರು ಸುಮಾರು 104 ಓಡಿರುತ್ತದೆ. ಓಡಿದ್ದು ಜಾಸ್ತಿ, ಬರೆದದ್ದು ಕಡಿಮೆ. ವೇಗದ ಮುಳ್ಳಿನ ಕಥೆಯೂ ಅದೇ. "ಕಾರು ಈಗ ಸ್ಮೂತಾಗಿದೆ, ಸ್ಪೀಡೇ ಗೊತ್ತಾಗಲ್ಲ" ಅಂತ ಖುಷಿಯಲ್ಲಿದ್ದಾನೆ. ಗೊತ್ತಾಗುವುದು ಹೇಗೆ?

"ಆದ್ರೂ ಗ್ರಿಪ್ಪು ನೋಡೋ, ಗ್ರಿಪ್ಪು!" ಅಂದ. ಒಣ ರಸ್ತೆಯ ತಿರುವಿನಲ್ಲಿ ಸ್ವಲ್ಪ ಇದೆ, ಒಪ್ಪುತ್ತೇನೆ. ಆದರೆ ಗಾಳಿಯ ಒತ್ತಡ ಅಷ್ಟೇ, ಕಾರಿನ ತೂಕ ಅಷ್ಟೇ ಇದ್ದರೆ ನೆಲ ಮುಟ್ಟುವ ರಬ್ಬರಿನ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಉದ್ದಕ್ಕಿದ್ದದ್ದು ಅಡ್ಡಕ್ಕಾಗುತ್ತದೆ. ನಿಂತ ನೀರಿನಲ್ಲಿ ಆ ಅಡ್ಡವೇ ಕುತ್ತು. ಕಿರಿದಾದ ಟೈರು ನೀರನ್ನು ಸೀಳಿಕೊಂಡು ಹೋಗುತ್ತದೆ, ಅಗಲದ್ದು ಅಷ್ಟು ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಬೇಗ ಅದರ ಮೇಲೇರುತ್ತದೆ. ಒಮ್ಮೆ ತೇಲಿತೋ, ಸ್ಟೇರಿಂಗ್ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ.

ಇಲ್ಲಿಗೆ ಬಂದಾಗ ನನಗೆ ನಗು ಬರುವುದಿಲ್ಲ. ಟೈರ್ ಎಷ್ಟು ಹಳೆಯದು ಅಂತ ನೋಡೋಣ ಅಂದೆ. ವಾರ, ವರ್ಷ ಸೇರಿ ನಾಲ್ಕು ಅಂಕೆ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಹೊರಗಡೆ ಇರಲಿಲ್ಲ. ಒಂದೇ ಪಕ್ಕದಲ್ಲಿ ಅಚ್ಚು ಹಾಕಿದರೂ ನಡೆಯುತ್ತದಂತೆ, ಆ ಪಕ್ಕ ಒಳಗಡೆ ಹೋಗಿತ್ತು. ಮೊಬೈಲ್ ಟಾರ್ಚ್ ಹಿಡಿದು, ನೆಲಕ್ಕೆ ಕೆನ್ನೆ ಒತ್ತಿ, ಕಾರಿನಡಿ ಕತ್ತು ತೂರಿಸಿದೆ. ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರ, ಇರುವೆ ಸಾಲಿನಷ್ಟು. ಬೆರಳಿನಿಂದ ಸವರಿ ಓದಬೇಕು. ಹೊರಗಡೆ, ಎಲ್ಲರಿಗೂ ಕಾಣುವ ಕಡೆ, ಕಂಪನಿಯ ಹೆಸರು ಮಾತ್ರ ಅಂಗೈಯುದ್ದ! ಓದಲಿ ಅಂತ ಬರೆದದ್ದು ಹೀಗಿರುವುದಿಲ್ಲ. ಬರೆದಿದ್ದೆವು, ನೀವೇ ಓದಲಿಲ್ಲ ಅಂತ ನಾಳೆ ಹೇಳುವುದಕ್ಕೆ ಬರೆದದ್ದು ಹೀಗಿರುತ್ತದೆ. ನಾಲ್ಕು ಜನರ ಜೀವ ನಿಂತಿರುವುದು ಆ ಅಂಗೈಯಗಲದ ರಬ್ಬರಿನ ಮೇಲೆ ಮಾರಾಯರೇ.

ಎದ್ದು ಬಟ್ಟೆ ಕೊಡವಿಕೊಂಡೆ. "ಹೋಗಲಿ, ಈ ಕಾರಿಗೆ ಯಾವ ಟೈರು, ಎಷ್ಟು ಗಾಳಿ ಅಂತ ಕಾರಿನವರೇ ಡ್ರೈವರ್ ಬಾಗಿಲಿನ ಕಂಬಕ್ಕೆ ಚೀಟಿ ಅಂಟಿಸಿರುತ್ತಾರೆ. ತೆಗಿ ನೋಡೋಣ" ಅಂದೆ.

ತೆಗೆದ. ಚೀಟಿ ಇತ್ತು. ಅದರ ಮೇಲೆ ಸರಿಯಾಗಿ, ಒಂದು ಗುಳ್ಳೆಯೂ ಇಲ್ಲದ ಹಾಗೆ, ಹೊಸ ಟೈರಿನ ಜೊತೆ ಫ್ರೀ ಬಂದ ಕಂಪನಿಯ ಸ್ಟಿಕರ್ ಅಂಟಿಸಿದ್ದ.