ಸತ್ಯಾಂಶ: ಚಿಕ್ಕ ಕ್ರೂಸ್ ಹಡಗು ಹತ್ತಿದರೆ ಜೀವಕ್ಕೆ ಸಂಚಕಾರವೇ?

ಕಾಫಿ ಕೊಯ್ಲು ಮುಗಿದು ಪ್ರವಾಸದ ಮಾತು ಶುರುವಾದರೆ ಸಾಕು, ಕೊಡಗಿನ ಕುಟುಂಬ ಗುಂಪುಗಳಲ್ಲಿ ಈ ಸಂದೇಶ ಸುತ್ತುತ್ತದೆ: ‘ಚಿಕ್ಕ ಕ್ರೂಸ್ ಹಡಗು ಬಂಡೆಗೋ ಮಂಜುಗಡ್ಡೆಗೋ ತಾಗಿದರೆ ಒಬ್ಬರೂ ಬದುಕುವುದಿಲ್ಲ. ದೊಡ್ಡ ಹಡಗಿಗೆ ಏನೂ ಆಗುವುದಿಲ್ಲ.’ ಎರಡೂ ಸುಳ್ಳು.

2007ರ ನವೆಂಬರ್‌ನಲ್ಲಿ ಅಂಟಾರ್ಕ್ಟಿಕಾ ಬಳಿ ‘ಎಕ್ಸ್‌ಪ್ಲೋರರ್’ ಎಂಬ ಪುಟ್ಟ ಹಡಗು ಮಂಜುಗಡ್ಡೆಗೆ ಬಡಿದು ಮುಳುಗಿದ್ದು ನಿಜ. ಅದರಲ್ಲಿದ್ದ 154 ಮಂದಿ ತೆರೆದ ದೋಣಿಗಳಲ್ಲಿ ಗಂಟೆಗಟ್ಟಲೆ ಚಳಿಗೆ ನಡುಗಿದರು. ನಾರ್ವೆಯ ಹಡಗೊಂದು ಬಂದು ಎಲ್ಲರನ್ನೂ ಹತ್ತಿಸಿಕೊಂಡಿತು. ಯಾರೂ ಸಾಯಲಿಲ್ಲ. ಸಂದೇಶ ಕಳಿಸುವವರು ಈ ಅರ್ಧವನ್ನು ನುಂಗಿಬಿಡುತ್ತಾರೆ.

2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಂಡೆಗೆ ತಾಗಿದ ‘ಕೋಸ್ಟಾ ಕಾಂಕಾರ್ಡಿಯಾ’ ದೊಡ್ಡ ಹಡಗೇ. ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು, 32 ಮಂದಿ ಸತ್ತರು. ಅಂದು ಸಂಜೆಯಷ್ಟೇ ಹತ್ತಿದವರಿಗೆ, ಅಪಾಯ ಬಂದರೆ ಲೈಫ್ ಜಾಕೆಟ್ ತೊಟ್ಟು ಎಲ್ಲಿ ಸೇರಬೇಕೆಂಬ ತಾಲೀಮು ಇನ್ನೂ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆ ಕಾಲಾವಕಾಶ ಕೊಡುತ್ತಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯ. ದುಬಾರೆಯಲ್ಲಿ ರ್‍ಯಾಫ್ಟ್ ಹತ್ತುವಾಗ ಜಾಕೆಟ್ಟಿನ ಬಕಲ್ ಎಳೆದು ನೋಡುವ ನಮ್ಮವರು ಇದನ್ನು ಮಾತ್ರ ತಪ್ಪಿಸಿಕೊಂಡು ಊಟದ ಸಾಲಿಗೆ ನುಗ್ಗಬಾರದು.

ಚಿಕ್ಕ ಹಡಗಿನಲ್ಲಿ ಎದುರಾಗುವುದು ಹೆಚ್ಚಾಗಿ ಅಡಚಣೆ. ಅಲೆ ಜೋರಾದರೆ ನಿಲ್ದಾಣ ರದ್ದು. 2023ರ ಸೆಪ್ಟೆಂಬರ್‌ನಲ್ಲಿ ಗ್ರೀನ್‌ಲ್ಯಾಂಡ್‌ನಲ್ಲಿ 206 ಜನರಿದ್ದ ‘ಓಷನ್ ಎಕ್ಸ್‌ಪ್ಲೋರರ್’ ನೆಲಕ್ಕೆ ಕಚ್ಚಿಕೊಂಡು ದಿನಗಟ್ಟಲೆ ನಿಂತಿತು. ಕೊನೆಗೆ ಮೀನುಗಾರಿಕಾ ಸಂಶೋಧನೆಯ ಹಡಗು ಎಳೆದು ಬಿಡಿಸಿತು. ಅಂಥ ಕಡೆ ಆಸ್ಪತ್ರೆ ದೂರ. ಹಿರಿಯರನ್ನು ಕರೆದೊಯ್ಯುವವರು ತುರ್ತು ಸಾಗಣೆಯ ವೆಚ್ಚ ಭರಿಸುವ ವಿಮೆ ಮಾಡಿಸಿ, ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.